ಲೈನಿಂಗ್ ಹಾಕಿಸಿದ ಈಜುಡುಗೆ

ಮನುಷ್ಯ ನೀರಿನಿಂದ ಬಂದವನು, ಕೊನೆಗೆ ನೀರಿಗೇ ಸೇರುವವನು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ನಡುವೆ ಯಾವಾಗಲಾದರೂ ನೀರಿಗಿಳಿಯುವುದಾದರೆ ನೈಲಾನ್ ಬಟ್ಟೆಯಲ್ಲೇ ಇಳಿಯತಕ್ಕದ್ದು ಎಂಬ ಬೋರ್ಡನ್ನು ಕೆ.ಆರ್. ಪುರದಾಚೆಗಿನ ವಾಟರ್ ಪಾರ್ಕುಗಳವರು ಬಾಗಿಲಲ್ಲೇ ಹಾಕಿರುತ್ತಾರೆ.

ಈ ಪಾರ್ಕುಗಳ ವಿಷಯದಲ್ಲಿ ಮಾತಾಡಲು ನನಗೆ ಸಾಕಷ್ಟು ಅರ್ಹತೆಯಿದೆ. ಮಕ್ಕಳು ಚಿಕ್ಕವರಿದ್ದಾಗ ಪ್ರತಿ ಬೇಸಿಗೆಯಲ್ಲೂ ನಮ್ಮ ಜೀವನ್ ಬಿಮಾ ನಗರದ ನಾಲ್ಕಾರು ಮನೆಯವರು ಸೇರಿ ಟೆಂಪೋ ಮಾಡಿಕೊಂಡು ಹೊಸಕೋಟೆ ಕಡೆಗೋ ಮಾಲೂರು ಕಡೆಗೋ ಹೋಗುತ್ತಿದ್ದೆವು. ಎಲ್ಲ ಪಾರ್ಕೂ ಒಂದೇ. ಸೊಂಡಿಲಿನಿಂದ ನೀರು ಬಿಡುವ ಸಿಮೆಂಟಿನ ಆನೆ, ಬಣ್ಣ ಹೋದ ಅಣಬೆ, ಹುಣಸೆ ಮರ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುವ ಪುಟಾಣಿ ರೈಲು. ಒಂದು ಪಾರ್ಕನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಆನೆಯನ್ನು ಮಾತ್ರ ಉಳಿಸಿಕೊಂಡು ಗೇಟಿನ ಪಕ್ಕ ಒಣಗಲು ಬಿಟ್ಟಿದ್ದಾರೆ. ಅದನ್ನು ಕಂಡಾಗಲೆಲ್ಲ ನಮ್ಮ ಆಫೀಸಿನ ನಿವೃತ್ತರನ್ನು ಕಂಡಂತಾಗುತ್ತದೆ.

ಅಲ್ಲೆಲ್ಲ ನನ್ನ ಕೆಲಸ ಬ್ಯಾಗು ಕಾಯುವುದು. ಹೆಂಡತಿಯ ಪಾಲಿಗೆ ಚಿತ್ರಾನ್ನ, ಟವೆಲು, ಚಪ್ಪಲಿ. ಕೊಳದ ಅಂಚಿನಲ್ಲಿ ನೆರಿಗೆ ಎತ್ತಿಕೊಂಡು, ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತು, ನಮ್ಮ ಮಕ್ಕಳನ್ನೂ ಪರರ ಮಕ್ಕಳನ್ನೂ ಭೇದವಿಲ್ಲದೆ ಬೈಯುತ್ತಿದ್ದಳು. ಮಕ್ಕಳು ಬೆಳೆದರು, ಟೆಂಪೋ ನಿಂತಿತು. ಬದುಕಿನ ಈ ಅಧ್ಯಾಯ ಗೌರವಯುತವಾಗಿ ಮುಗಿಯಿತೆಂದು ನಾನು ನಂಬಿದ್ದೆ.

ಈ ಸಲದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳು ಕಾಫಿ ಲೋಟ ಮುಂದಿಟ್ಟು, "ರೀ, ನಾನೊಂದ್ಸಲ ಆ ಅಲೆ ಬರೋ ಕೊಳಕ್ಕೆ ಇಳೀಬೇಕು," ಅಂದಳು.

"ಸಮುದ್ರ ನೋಡಿದೀಯಲ್ಲೇ."

"ನೋಡಿದೀನಿ. ಅಲ್ಲೂ ಚಪ್ಪಲಿ ಕಾದಿದೀನಿ."

ನಾನು ಕಾಫಿ ಕುಡಿದೆ.

"ಮಳೆಗಾಲ ಮುಗಿದ ಮೇಲೆ ಮಂಡಿ ಆಪರೇಷನ್ನು," ಅವಳೇ ಮುಂದುವರಿಸಿದಳು. "ಆಮೇಲೆ ಜಾರೋ ಜಾಗಕ್ಕೆ ಕಾಲಿಡಬೇಡಿ ಅಂತ ಡಾಕ್ಟ್ರು ಈಗ್ಲೇ ಹೇಳಿಟ್ಟಿದಾರೆ. ಹೋದ್ರೆ ಈಗ ಹೋಗ್ಬೇಕು, ಇಲ್ದಿದ್ರೆ ಇಲ್ಲ."

ಬಟ್ಟೆಯ ಪ್ರಶ್ನೆ ಎದ್ದಿತು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ತೋರಿಸಿದ ಈಜುಡುಗೆಗಳನ್ನು ಅವಳು ಕಣ್ಣೆತ್ತಿ ನೋಡಲಿಲ್ಲ. ನಾನು ನೋಡಿದ್ದು ಅವಳಿಗೆ ಇಷ್ಟವಾಗಲಿಲ್ಲ. ಕೊನೆಗೆ ಶಿವಾಜಿನಗರದ ಒಂದು ಪುಟ್ಟ ಅಂಗಡಿಯಲ್ಲಿ ಬೇಕಾದ್ದು ಸಿಕ್ಕಿತು. ಮಣಿಕಟ್ಟಿನಿಂದ ಕಣಕಾಲಿನವರೆಗೆ ಮುಚ್ಚುವ, ಮೇಲೊಂದು ಲಂಗದಂಥ ಅಂಚಿರುವ ಕಡುನೀಲಿ ನೈಲಾನ್ ಉಡುಗೆ. "ನಮ್ಮನೆ ಲೇಡೀಸ್ ಎಲ್ಲಾ ಇದೇ ಹಾಕೋದು ಆಪಾ," ಅಂದ ಅಂಗಡಿಯವರು ತಲೆಗೆ ಹಾಕುವ ಟೋಪಿಯನ್ನೂ ಜೊತೆಗೆ ಕೊಟ್ಟರು.

ಉಡುಗೆ ಸ್ವಲ್ಪ ಉದ್ದವಾಗಿತ್ತು. ಹಾಗಾಗಿ ಅದು ನಮ್ಮ ಕಾಲೊನಿಯ ಲೇಡೀಸ್ ಟೈಲರ್ ಕೈಸೇರಿತು. ಹಲಸೂರಿನಿಂದ ದಿನಾ ಬರುವ ಈ ಟೈಲರಿಗೂ ನನ್ನ ಹೆಂಡತಿಗೂ ಇಪ್ಪತ್ತು ವರ್ಷದ ಒಡಂಬಡಿಕೆಯೊಂದಿದೆ: ರವಿಕೆಯಾಗಲಿ, ಚೂಡಿದಾರವಾಗಲಿ, ಕೊಟ್ಟ ಬಟ್ಟೆಗೆ ಹೇಳದೆಯೇ ಲೈನಿಂಗ್ ಬೀಳಬೇಕು. ಲೈನಿಂಗಿಲ್ಲದ ಬಟ್ಟೆ ಹಾಕುವವರನ್ನು ನಮ್ಮ ಕಾಲೊನಿಯಲ್ಲಿ ಯಾರೂ ಬೈಯುವುದಿಲ್ಲ, ಸುಮ್ಮನೆ ನೋಡುತ್ತಾರೆ. ಟೈಲರ್ ಉಡುಗೆಯನ್ನು ಬೆಳಕಿಗೆ ಹಿಡಿದು, "ತೆಳುವಾಗಿದೆ ಅಮ್ಮಾ, ಒದ್ದೆಯಾದ್ರೆ ಅಂಟ್ಕೊಳ್ಳುತ್ತೆ," ಅಂದು ಒಳಗೆ ಪೂರ್ತಿ, ತೋಳಿನ ತುದಿವರೆಗೆ, ಒಳ್ಳೆಯ ಕಾಟನ್ ಲೈನಿಂಗ್ ಕೊಟ್ಟು ಎರಡೆರಡು ಹೊಲಿಗೆ ಹಾಕಿದ. ಅದನ್ನು ನೋಡಿ ಅವಳು ತೃಪ್ತಿಪಟ್ಟಳು.

ವಾರದ ನಡುವಿನ ಒಂದು ದಿನ ಊಟ ಮುಗಿಸಿ ಹೊರಟೆವು. ಇಂದಿರಾನಗರದಿಂದ ಕೆ.ಆರ್. ಪುರಕ್ಕೆ ಮೆಟ್ರೋದಲ್ಲಿ ಕಾಲು ಗಂಟೆ. ಅಲ್ಲಿ ರಸ್ತೆ ದಾಟಿ ಆಟೋ ಹಿಡಿಯಲು ಮುಕ್ಕಾಲು ಗಂಟೆ. ಪಾರ್ಕು ತಲುಪುವ ಹೊತ್ತಿಗೆ ನನಗೆ ಆಗಲೇ ಮನೆಗೆ ಮರಳಿದಷ್ಟು ಸುಸ್ತು. ಟಿಕೆಟ್ ಕೌಂಟರಿನಲ್ಲಿದ್ದವನು, "ಮಕ್ಕಳೆಷ್ಟು ಸಾರ್?" ಅಂದ.

"ಮಕ್ಕಳಿಲ್ಲ, ನಾವೇ."

"ಹಿಂದೆ ಬರ್ತಿದಾರಾ?"

"ಇಲ್ಲಪ್ಪ, ನಾವಿಬ್ರೇ."

ಅವನು ಒಳಗೆ ತಿರುಗಿ, "ಸೀನಿಯರ್ಸ್ ಎರಡು," ಎಂದು ಕೂಗಿದ. ಎಚ್ಚರಿಕೆ ಕೊಟ್ಟಂತಿತ್ತು.

ಅಲೆಕೊಳದ ಮೆಟ್ಟಿಲಲ್ಲಿ ಪಾರ್ಕಿನ ಹುಡುಗಿಯೊಬ್ಬಳು ಸೀಟಿ ಕಟ್ಟಿಕೊಂಡು ನಿಂತಿದ್ದಳು. ಇಳಿಯುವವರ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುವುದು ಅವಳ ಉದ್ಯೋಗ. ಹೆಂಡತಿ ನೀಲಿ ಉಡುಗೆಯಲ್ಲಿ, ಟೋಪಿ ಸಮೇತ, ಯುದ್ಧಕ್ಕೆ ಹೊರಟವಳ ಹಾಗೆ ಬಂದು ತೋಳು ಚಾಚಿದಳು. ಹುಡುಗಿ ಒಮ್ಮೆ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು.

"ಒಳಗೆ ಕಾಟನ್ ಇದೆ ಆಂಟಿ."

"ಹೊರಗೆ ನೈಲಾನೇ ಅಲ್ವೇನಮ್ಮಾ?"

"ನೀರು ಒಳಗೂ ಹೋಗತ್ತಲ್ವಾ ಆಂಟಿ. ನೂಲು ಬಿಟ್ರೆ ಫಿಲ್ಟರ್ ಕಟ್ಕೊಳ್ಳತ್ತೆ, ನನ್ನ ಬೈತಾರೆ. ಬಾಡಿಗೆ ಡ್ರೆಸ್ ತಗೊಳ್ಳಿ."

ಬಾಡಿಗೆ ಡ್ರೆಸ್ ಎಂದರೆ ಮೊಣಕಾಲಿನ ಚಡ್ಡಿ ಮತ್ತು ನಗುವ ಮೀನಿರುವ ಬನಿಯನ್. ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದಿನ್ನೂ ಯಾರ್ದೋ ಮೈಯಿಂದ ಬಿಚ್ಚಿ ಆರಿಲ್ಲ," ಎಂದು ಅಲ್ಲೇ ಬಿಟ್ಟಳು. ಮತ್ತೆ ಸೀರೆಯುಟ್ಟು ಬಂದು ನನ್ನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಳು. ನೀಲಿ ಉಡುಗೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದೇ ಬೆಂಚಿನ ಆ ತುದಿಯಲ್ಲಿ ಫ್ರೇಜರ್ ಟೌನಿನ ದಂಪತಿಯಿದ್ದರು, ನಮ್ಮದೇ ವಯಸ್ಸಿನವರು. ಅವರ ಮೊಮ್ಮಕ್ಕಳೆಲ್ಲ ನೀರಿನಲ್ಲಿದ್ದರು. ಆಕೆ ತೊಟ್ಟಿದ್ದು ಅದೇ ಕಡುನೀಲಿ ಉಡುಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಹೆಂಡತಿಯ ಮಡಿಲಲ್ಲಿದ್ದುದನ್ನು ನೋಡಿ, "ಅರೆ, ನಂದೂ ಇದೇ," ಅಂದರು. ಒಳಗಿನ ಲೈನಿಂಗನ್ನು ತಿರುಗಿಸಿ ನೋಡಿ, "ಇದಕ್ಕೆ ಅಸ್ತರ್ ಯಾಕ್ ಹಾಕ್ಸಿದ್ರಿ?"

"ತೆಳ್ಳಗಿತ್ತು."

"ನೀರಿಗೆ ಹಾಕೋದು ಅಲ್ವಾ, ತೆಳ್ಳಗೇ ಇರ್ಬೇಕು. ಮದುವೆಗಾ ಹೋಗ್ತೀರಿ? ತನ್ನಿ, ಬಿಚ್ಚೋಣ."

ಕತ್ತರಿಯನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಆದರೆ ಬಳೆಗೆ ಸಿಕ್ಕಿಸಿದ ಪಿನ್ನನ್ನು ಯಾವ ಸೆಕ್ಯುರಿಟಿಯೂ ಕೇಳಿಲ್ಲ. ಇಬ್ಬರೂ ಒಂದೊಂದು ಪಿನ್ನು ಹಿಡಿದು ಒಂದೊಂದು ತೋಳಿನಿಂದ ಶುರುಮಾಡಿದರು. ಆ ಟೈಲರ್ ಅಷ್ಟು ಗಟ್ಟಿಯಾಗಿ ಹೊಲಿದ ರವಿಕೆಯನ್ನು ನಾನು ಈವರೆಗೆ ಕಂಡಿಲ್ಲ. ಬ್ಯಾಗುಗಳೆಲ್ಲ ನಮ್ಮಿಬ್ಬರು ಗಂಡಸರ ಪಾಲಿಗೆ ಬಂದವು. ಆಕೆಯ ಯಜಮಾನರೂ ಅನುಭವಸ್ಥರೆಂದು ಅವರು ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡ ಕ್ರಮದಲ್ಲೇ ತಿಳಿಯಿತು.

"ಎಷ್ಟು ವರ್ಷದ ಸರ್ವೀಸು?" ಅಂದೆ.

"ನಿಕಾ ಆದಾಗಿಂದ ಸಾರ್. ಪೆನ್ಷನ್ ಇಲ್ಲ."

ನಾನು ಎದ್ದುಹೋಗಿ ಸೀಟಿಯ ಹುಡುಗಿಯನ್ನು ಕೇಳಿ ಬಂದೆ. ಐದಕ್ಕೆ ಸೈರನ್, ಅದಾಗಿ ಐದು ನಿಮಿಷಕ್ಕೆ ಕೊನೆಯ ಅಲೆ. ಆಗಲೇ ನಾಲ್ಕೂವರೆ ದಾಟಿತ್ತು, ಬೆನ್ನಿನ ಲೈನಿಂಗ್ ಬಿಟ್ಟಿರಲಿಲ್ಲ. ಫ್ರೇಜರ್ ಟೌನಿನಾಕೆ ಪಿನ್ನನ್ನು ಬದಿಗಿಟ್ಟು ಹಲ್ಲಿನಿಂದ ನೂಲು ಕಡಿಯತೊಡಗಿದರು. ಹೆಂಡತಿ ಪಿನ್ನಿನಿಂದಲೇ ಕೀಳುತ್ತಿದ್ದಳು. "ಹಾಳು ಹೊಲಿಗೆ," ಅಂದಳು. ಟೈಲರನ್ನು ಅವಳು ಬೈದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸೈರನ್ ಕೂಗಿದಾಗ ಎಡತೋಳೊಂದು ಉಳಿದಿತ್ತು. "ಆಯ್ತು ಬಿಡಿ," ಎಂದು ಹೆಂಡತಿ ಉಡುಗೆಯನ್ನು ಮಡಚಲು ಹೊರಟಳು. ಆಕೆ ಬಿಡಲಿಲ್ಲ. ರಟ್ಟೆ ಹಿಡಿದು ಬಟ್ಟೆ ಬದಲಿಸುವ ಕೋಣೆಗೆ ನೂಕಿ, ಹೊರಗೆ ಕರೆತಂದು, ಸೀಟಿಯ ಹುಡುಗಿಯ ಮುಂದೆ ನಿಲ್ಲಿಸಿದರು. ಹುಡುಗಿ ಬಲತೋಳು ಉಜ್ಜಿದಳು, ಬೆನ್ನು ಉಜ್ಜಿದಳು, ಎಡತೋಳು ಉಜ್ಜಿ ನಿಂತಳು.

"ಇಲ್ಲಿನ್ನೂ ಇದೆ."

"ಆ ಕೈ ಮೇಲೆ ಎತ್ಕೋತಾರೆ ಬೇಟಿ, ನೀರಿಗೆ ತಾಗ್ಸಲ್ಲ. ನಾನು ಪಕ್ಕದಲ್ಲಿ ಇರ್ತೀನಿ."

ಹುಡುಗಿ ಕೊಳದ ಕಡೆ ನೋಡಿದಳು, ಹೆಂಡತಿಯ ಮಂಡಿಯ ಕಡೆ ನೋಡಿದಳು, ಪಕ್ಕಕ್ಕೆ ಸರಿದಳು.

ಹೆಂಡತಿ ಎಡಗೈಯನ್ನು ನೆಟ್ಟಗೆ ಮೇಲೆತ್ತಿ, ಬಲಗೈಯಲ್ಲಿ ಆಕೆಯ ಭುಜ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಸೊಂಟದುದ್ದ ನೀರಿನಲ್ಲಿ ನಿಂತಳು. ಯಂತ್ರ ಹತ್ತು ನಿಮಿಷ ಓಡಿತು. ಮೊದಲ ಎರಡು ಅಲೆಗೆ ಕೈ ಮೇಲೇ ಇತ್ತು. ಮೂರನೆಯದು ಮುಖಕ್ಕೇ ಬಡಿದಾಗ ತೋಳೂ ಒದ್ದೆಯಾಯಿತು. ಯಾರೂ ಸೀಟಿ ಊದಲಿಲ್ಲ. ಐದೂಕಾಲಿಗೆ ಎಲ್ಲರನ್ನೂ ಕೊಳದಿಂದ ಹೊರಗೆ ಕಳಿಸಿದರು.