ಬಾಲದಲ್ಲಿ ಎರಡು ಪಟ್ಟಿ

ಯಾಕೂಬಸಾಬನ ಕೈಯ ಟ್ರೇಲರ್ ಮುರಿಯಿತು ಎಂದು ಶಹಾಪುರದಲ್ಲಿ ಯಾರಾದರೂ ಹೇಳಿದರೆ, ಕೇಳಿದವರು ಟ್ರೇಲರ್ ಬಗ್ಗೆ ವಿಚಾರಿಸುವುದಿಲ್ಲ. ಹೇಳಿದವನ ಮುಖವನ್ನೇ ಎರಡು ಸಲ ನೋಡುತ್ತಾರೆ. ಸುರಪುರ ರಸ್ತೆಯ ಅವನ ತಗಡಿನ ಶೆಡ್ಡಿನಿಂದ ಹೊರಬಿದ್ದ ಟ್ರೇಲರ್‌ಗಳು ಕೆಂಭಾವಿಯ ಹತ್ತಿ ಹೊತ್ತಿವೆ, ನಾರಾಯಣಪುರ ಕಾಲುವೆಯ ಭತ್ತ ಹೊತ್ತಿವೆ, ಮದುವೆಯ ಬೀಗರನ್ನೂ ಹೊತ್ತಿವೆ. ಹೇಳಿ ಮಾಡಿಸಿಕೊಂಡ ಭಾರಕ್ಕಿಂತ ದುಪ್ಪಟ್ಟು ಹೇರುವುದು ಈ ಸೀಮೆಯ ರೈತನ ಹುಟ್ಟುಗುಣ. ಅದು ಗೊತ್ತಿದ್ದೇ ಯಾಕೂಬಸಾಬ, ಗಿರಾಕಿ ಕೇಳಲಿ ಬಿಡಲಿ, ಚೌಕಟ್ಟಿನ ಅಡಿಗೆ ಒಂದು ಕಬ್ಬಿಣದ ಪಟ್ಟಿ ಹೆಚ್ಚಿಗೆ ಕೂಡಿಸಿ ಕಳಿಸುತ್ತಾನೆ. ಅದಕ್ಕೆ ಬೆಲೆ ಹಿಡಿಯುವುದಿಲ್ಲ. ಕೆಲಸ ಕಲಿಸಿದ ಉಸ್ತಾದರ ಹೆಸರಿನ ಪಟ್ಟಿ ಅದು. "ಗಿರಾಕಿ ತಪ್ಪು ಮಾಡೇ ಮಾಡ್ತಾನ, ಅದನ್ನೂ ಹಿಡಕೊಂಡು ಗಟ್ಟಿ ಮಾಡು" ಎಂದಿದ್ದರು ಅವರು. ಶಾಲೆಯ ಮೆಟ್ಟಿಲನ್ನು ಮಳೆ ಬಂದಾಗ ಮಾತ್ರ ಹತ್ತಿದ್ದ ಯಾಕೂಬಸಾಬನಿಗೆ ಅದೇ ಅಕ್ಷರಾಭ್ಯಾಸ.

ಇಂಥವನ ಶೆಡ್ಡಿಗೆ ವಿಮಾನ ಬಂದದ್ದು ಮರದ ಪೆಟ್ಟಿಗೆಗಳಲ್ಲಿ.

ತಂದವನು ಮುದನಾಳದ ದೇವಿಂದ್ರ. ವಾಯುಪಡೆಯಲ್ಲಿ ವಿಮಾನಗಳ ಮೈಕಟ್ಟು ದುರಸ್ತಿ ಮಾಡಿ ನಿವೃತ್ತನಾದವನು. ಜೀವಮಾನವೆಲ್ಲ ನಟ್ಟು ಬಿಗಿದದ್ದು ತಾನು, ಹಾರಿದವರು ಬೇರೆಯವರು ಎಂಬ ಮುಳ್ಳು ಅವನ ಎದೆಯಲ್ಲಿತ್ತು. ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿ ಹಾರಿಸುವುದು ಕಲಿತ, ಲೈಸೆನ್ಸ್ ತೆಗೆದ. ಆಮೇಲೆ ಪರದೇಶದ ಕಂಪನಿಯೊಂದರಿಂದ ಬಿಡಿಭಾಗಗಳ ಪುಟ್ಟ ವಿಮಾನ ತರಿಸಿದ. ಇಬ್ಬರು ಕೂಡುವಂಥದ್ದು, ತೆಳು ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಟ್ಟೆಯ ಹೊದಿಕೆ, ಮುಂದೆ ಎರಡು ಗಾಲಿ, ಬಾಲದ ಕೆಳಗೆ ನಿಂಬೆಹಣ್ಣಿಗೆ ಕಾಲು ಬಂದಂಥ ಒಂದು ಪುಟ್ಟ ಗಾಲಿ. ಇದನ್ನೆಲ್ಲ ಕೂಡಿಸಲು ಉದ್ದನೆಯ ಶೆಡ್ಡು ಬೇಕು, ಎತ್ತರದ ಬಾಗಿಲು ಬೇಕು, ಕಬ್ಬಿಣದ ನಾಡಿ ಬಲ್ಲ ಕೈ ಬೇಕು. ಮೂರೂ ಯಾಕೂಬಸಾಬನ ಹತ್ತಿರ ಇದ್ದವು.

ಇಬ್ಬರಿಗೂ ಚೆನ್ನಾಗಿ ಹೊಂದಿತು. ಪ್ರತಿ ನಟ್ಟಿಗೂ ತಂತಿಯ ಜಡೆ ಹೆಣೆದು ಕಟ್ಟಬೇಕು, ಇಂಜಿನ್ನಿನ ನಡುಕಕ್ಕೆ ಅದು ತಾನಾಗಿ ಸಡಿಲಾಗಬಾರದು ಎಂದು ದೇವಿಂದ್ರ ತೋರಿಸಿದಾಗ ಯಾಕೂಬಸಾಬನಿಗೆ ಖುಷಿಯೋ ಖುಷಿ. ಮರುವಾರವೇ ತನ್ನ ಟ್ರೇಲರ್ ನಟ್ಟುಗಳಿಗೂ ಜಡೆ ಹಾಕತೊಡಗಿದ. ಪೆಟ್ರೋಲಿನ ಕೊಳವೆ ಬಿಸಿ ಸೈಲೆನ್ಸರಿನ ಹತ್ತಿರ ಹಾಯುವುದನ್ನು ಮೊದಲು ಕಂಡವನು ಯಾಕೂಬಸಾಬ; ಕಂಪನಿಗೆ ಬರೆದು ಕೇಳಿ, ಒಪ್ಪಿಗೆ ಬಂದ ಮೇಲೆ ಅದನ್ನು ದೂರಕ್ಕೆ ಸರಿಸಿದರು. ಆದರೆ ಬಾಲದ ಹತ್ತಿರ ಬಂದಾಗ ಇಬ್ಬರ ಗಾಡಿ ಒಂದೇ ದಾರಿಯಲ್ಲಿ ಹೋಗಲಿಲ್ಲ.

"ಈ ಕೊಳವಿ ನೋಡು, ಹಾಲ ಕುಡಿಯೋ ಕೂಸಿನ ಬೆರಳಾಗ್ಯಾವು," ಎಂದ ಯಾಕೂಬಸಾಬ. "ನಮ್ಮ ನೆಲ ಅಂದ್ರ ಕಲ್ಲು. ಇಳಿಯೋ ಮುಂದ ಬಾಲ ಧಪ್ ಅಂತು ಅಂದ್ರ ಮುರೀತು. ಎರಡ ಪಟ್ಟಿ ಕೂಡಸೋಣ."

"ಬ್ಯಾಡ ಯಾಕೂಬಣ್ಣ. ಇದು ಹತ್ತಿ ಹೇರೋ ಗಾಡಿ ಅಲ್ಲ."

"ಗಟ್ಟಿ ಆದ್ರ ಏನ್ ಪಾಪ?"

"ಗಟ್ಟಿ ಎಷ್ಟು ಬೇಕೋ ಅಷ್ಟು ಅವ್ರು ಲೆಕ್ಕಾ ಹಾಕಿ ಮಾಡ್ಯಾರ. ಒಂದ ತೂತು ಹೆಚ್ಚಿಗಿ ಕೊರಿಬೇಕಂದ್ರೂ ಅವ್ರಿಗೆ ಕೇಳಬೇಕು. ವೆಲ್ಡಿಂಗ್ ಅಂತೂ ಹತ್ರ ಸುಳಿಬಾರದು."

ಯಾಕೂಬಸಾಬ ಪಾನಾ ಎತ್ತಿಕೊಂಡು ರೆಕ್ಕೆಯ ಕಡೆ ನಡೆದ. ಒಪ್ಪಿ ನಡೆದದ್ದಲ್ಲ.

ಹೊದಿಕೆ ಹಾಕುವ ಮೊದಲು ದೇವಿಂದ್ರ ಹಂದರದ ಮೂಲೆಮೂಲೆಯನ್ನೂ ಬ್ಯಾಟರಿ ಹಿಡಿದು ನೋಡಿ, ಸರಿಯಿದೆ ಎಂದು ಬಣ್ಣದ ಚುಕ್ಕೆ ಇಟ್ಟ. ಪರವಾನಗಿಯ ಕೆಲಸಕ್ಕೆ ದಿಲ್ಲಿಗೆ ಹೋಗುವುದಿತ್ತು. ಬಟ್ಟೆ ಹೊದಿಸುವ ಕೆಲಸವನ್ನು ಯಾಕೂಬಸಾಬನ ಹೆಂಡತಿ ಖುರ್ಷೀದಬೇಗಂಳಿಗೆ ವಹಿಸಿದ. ತಾಡಪತ್ರಿ, ಟ್ರ್ಯಾಕ್ಟರ್ ಸೀಟು ಹೊಲಿದು ಊರಿಗೆಲ್ಲ ಹೆಸರಾದವಳು ಆಕೆ. ರೆಕ್ಕೆಗಳಿಗೆ ದೇವಿಂದ್ರನ ಮುಂದೆಯೇ ಹೊದಿಸಿದ್ದಳು. ಅಂಟು ಸವರಿ, ಬಟ್ಟೆ ಎಳೆದು, ಇಸ್ತ್ರಿಪೆಟ್ಟಿಗೆ ಆಡಿಸಿದರೆ ಅದು ಬಾರಿಸಲು ಕಾಯಿಸಿದ ಹಲಗೆವಾದ್ಯದ ಚರ್ಮದಂತೆ ಬಿಗಿಯುತ್ತಿತ್ತು. ಉಳಿದದ್ದು ಬಾಲ.

ಆ ನಡುವೆ ದೇವಿಂದ್ರನ ಹೆಂಡತಿ ಸಾಯಬಮ್ಮ ಶಹಾಪುರದ ಸಂತೆಗೆ ಬಂದವಳು ಶೆಡ್ಡಿಗೂ ಬಂದಳು. ಸೆರಗಿನಲ್ಲಿ ಶೇಂಗಾ ಇತ್ತು. ಅದನ್ನು ಖುರ್ಷೀದಬೇಗಂಳ ಮಡಿಲಿಗೆ ಸುರಿದು ವಿಮಾನದ ಸುತ್ತ ಒಂದು ಸುತ್ತು ಬಂದು, ಬಾಲದ ಕೊಳವೆಯನ್ನು ಚಿವುಟಿ ನೋಡಿದಳು.

"ಯಾಕೂಬಣ್ಣ, ಇವ್ರು ನನ್ನ ಮಾತು ಕೇಳಂಗಿಲ್ಲ. ಹಾರತಾರಂದ್ರ ಹಾರತಾರ. ನಿಮ್ಮ ಟ್ರೇಲರ್ ಮುರಿಯಂಗಿಲ್ಲ ಅಂತ ದುನಿಯಾ ಹೇಳ್ತದ. ಇದನ್ನೂ ಅಷ್ಟು ಗಟ್ಟಿ ಮಾಡಿಕೊಡ್ರಿ. ನಾ ನಿಮ್ಮ ಮ್ಯಾಲ ಭರೋಸಾ ಇಟ್ಟು ನಿದ್ದಿ ಮಾಡ್ತೀನಿ."

"ಫಿಕರ್ ಮಾಡಬ್ಯಾಡ ತಂಗಿ," ಎಂದ ಯಾಕೂಬಸಾಬ. ಆ ಮಾತು ಬಾಯಿಂದ ಬಿದ್ದಾಗಲೇ ಕೈ ತೀರ್ಮಾನ ಮಾಡಿತ್ತು. ವೆಲ್ಡಿಂಗ್ ಬೇಡ ಅಂದಿದ್ದ, ಮಾಡಲಿಲ್ಲ. ತೂತು ಬೇಡ ಅಂದಿದ್ದ, ಕೊರೆಯಲಿಲ್ಲ. ಎರಡು ದಪ್ಪ ಪಟ್ಟಿ ತೆಗೆದುಕೊಂಡು ಬಾಲದ ಕೊಳವೆಗಳಿಗೆ ಕ್ಲಾಂಪು ಹಾಕಿ ಬಿಗಿದ. ನಟ್ಟಿಗೆ ಜಡೆ ಕಟ್ಟುವುದನ್ನೂ ಮರೆಯಲಿಲ್ಲ.

ಖುರ್ಷೀದಬೇಗಂ ಕತ್ತರಿ ಹಿಡಿದು ನಿಂತು ನೋಡಿದಳು. "ದೇವಿಂದ್ರಗ ಹೇಳೀರೇನು?"

"ಉಸ್ತಾದನ ಪಟ್ಟಿಗಿ ಯಾರ ಅಪ್ಪಣಿ? ನೀ ಹೊದಸು."

ಅವಳು ಹೊದಿಸಿದಳು. ಇಸ್ತ್ರಿ ಆಡಿಸಿದಳು. ಒಳಗೇನಿದೆ ಎಂಬುದು ಇಬ್ಬರಿಗೇ ಗೊತ್ತು.

ದಿಲ್ಲಿಯಿಂದ ಬಂದ ದೇವಿಂದ್ರ ಬಣ್ಣ ಹೊಡೆದು, ತೂಕದ ದಿನ ಗೊತ್ತು ಮಾಡಿದ. ಹಾರುವ ಮೊದಲು ಒಂದೊಂದು ಗಾಲಿಯ ಕೆಳಗೂ ಒಂದೊಂದು ಕಾಟಾ ಇಟ್ಟು ತೂಗಿ, ಭಾರ ಎಲ್ಲಿ ಕೂತಿದೆ ಎಂದು ನೋಡಲೇಬೇಕು. ಅಡತಿ ಅಂಗಡಿಯ ತೂಕದ ಲಾಡ್ಲೇಸಾಬ ಮೂರು ಕಾಟಾ ಹೇರಿಕೊಂಡು ತಾನೂ ಬಂದ. "ತೊಗರಿ ತೂಗೀನಿ, ಹತ್ತಿ ತೂಗೀನಿ, ಒಮ್ಮೆ ಜಗಳದಾಗ ಅಡತಿ ಸಾವ್ಕಾರನ್ನೂ ತೂಗೀನಿ. ರೆಕ್ಕಿ ಇದ್ದದ್ದು ಇವತ್ತೇ," ಎಂದ.

ಬಾಲವನ್ನು ಒಂದು ಸ್ಟೂಲಿನ ಮೇಲಿಟ್ಟು ವಿಮಾನವನ್ನು ಮಟ್ಟಸ ಮಾಡಿದರು. ದೇವಿಂದ್ರ ಅಂಕಿಗಳನ್ನು ನೋಡಿದ. ಮತ್ತೆ ತೂಗಿಸಿದ. ಕಾಟಾ ಅದಲುಬದಲು ಮಾಡಿ ಮತ್ತೊಮ್ಮೆ ತೂಗಿಸಿದ. ಹಿಂದಿನ ಕಾಟಾ ತನ್ನ ಮಾತು ಬದಲಿಸಲಿಲ್ಲ.

"ಉಸ್ತಾದ್, ನಿಮ್ಮ ಹಕ್ಕಿ ಹಿಂಭಾರ ಆಗ್ಯಾದ," ಎಂದ ಲಾಡ್ಲೇಸಾಬ ಯಾಕೂಬಸಾಬನ ಕಡೆ ನೋಡಿ ನಗುತ್ತ. "ಇಂಥಾ ಬಂಡಿ ಹೂಡಿದ್ರ ನೊಗ ಮ್ಯಾಲೆದ್ದು ಎತ್ತಿನ ಕುತ್ತಿಗಿ ಹಿಸುಕ್ತದ."

ದೇವಿಂದ್ರ ನಗಲಿಲ್ಲ. "ಎತ್ತಾದ್ರ ನಿಂತುಬಿಡ್ತದ ಲಾಡ್ಲೇಸಾಬ. ಇದು ಮ್ಯಾಲ ಹೋದಮ್ಯಾಲ ನಿಲ್ಲಂಗಿಲ್ಲ. ಮೂಗು ಎತ್ತತದ, ದಮ್ಮು ಕಳಕೊಳ್ತದ, ಬೀಳ್ತದ. ನಾ ಒಳಗ ಕೂತು ಎಷ್ಟು ದಬ್ಬಿದ್ರೂ ಮೂಗು ಕೆಳಗ ಬರಂಗಿಲ್ಲ."

ಹಿಂಭಾರ ಎಂಬ ಮಾತನ್ನು ಯಾಕೂಬಸಾಬ ಹುಟ್ಟಿದಾಗಿನಿಂದ ಕೇಳಿದ್ದಾನೆ. ಹಿಂದೆ ಜೋಳದ ಚೀಲ ಜಾಸ್ತಿಯಾಗಿ ನೊಗ ಎದ್ದು, ಎತ್ತುಗಳು ಕಣ್ಣು ಮೇಲೆ ಮಾಡಿದ್ದನ್ನು ಬಾಲ್ಯದಲ್ಲಿ ಕಂಡಿದ್ದಾನೆ. ಆದರೂ ತನ್ನ ಪಟ್ಟಿ ಒಂದು ಭಾರ ಎಂದು ಅವನಿಗೆ ಈತನಕ ಅನಿಸಿರಲಿಲ್ಲ. ಅವನ ಲೆಕ್ಕದಲ್ಲಿ ಪಟ್ಟಿ ಎಂದರೆ ಭಾರ ಹೊರುವುದು. ಅದಕ್ಕೇ ಭಾರವಿದೆ ಎಂದು ಯಾರು ನೆನೆಯುತ್ತಾರೆ?

"ತಪ್ಪು ನಂದೇ ಇರಬೇಕು," ಎಂದ ದೇವಿಂದ್ರ ಕೊನೆಗೆ. "ಹಿಂದ ಬಣ್ಣ ದಪ್ಪ ಹೊಡದೀನೋ ಏನೋ. ಮೂಗಿನ ಕಡೆ ಸೀಸ ಕಟ್ಟಿ ಸರಿ ಮಾಡ್ಬೇಕು."

ಒಂದು ಗಳಿಗೆ ಯಾಕೂಬಸಾಬನ ಎದೆ ಹಗುರಾಯಿತು. ಸೀಸ ಕಟ್ಟಿದರೆ ಮುಗಿಯಿತು. ಪಟ್ಟಿ ಅಲ್ಲೇ ಇರುತ್ತದೆ, ಮರ್ಯಾದೆಯೂ ಇರುತ್ತದೆ. ಚಹಾ ತರುತ್ತೇನೆಂದು ಶೆಡ್ಡಿನ ಹಿಂದಿನ ಮನೆಗೆ ಹೋದ. ಖುರ್ಷೀದಬೇಗಂ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮನೆಯಲ್ಲಿ ದಖನಿ ಆಡುವ ಗಂಡಹೆಂಡತಿ ಜಗಳಕ್ಕೆ ಮಾತ್ರ ಕನ್ನಡಕ್ಕೆ ಬರುತ್ತಾರೆ. ಅವಳು ಕನ್ನಡದಲ್ಲೇ ಕೇಳಿದಳು.

"ಏನಾತ್ರಿ ತೂಕ?"

"ಹಿಂದ ಜಾಸ್ತಿ ಬಂತು. ಮುಂದ ಸೀಸ ಕಟ್ತಾನಂತ."

"ಚಲೋ ಆತು. ನಿಮ್ಮ ಕಬ್ಬಿಣ ಮುಚ್ಚಾಕ ಅವನ ಸೀಸ. ಸೀಸ ಮುಚ್ಚಾಕ ಏನ್ ಕಟ್ತೀರಿ ಮಿಸ್ತ್ರಿಸಾಬ್ರ?"

"ಗಟ್ಟಿ ಇರಲಿ ಅಂತ ಮಾಡಿದ್ದು. ಸಾಯಬಮ್ಮಗ ಮಾತು ಕೊಟ್ಟೀನಿ."

"ಆನಿ ಭಾರ ಆನಿಗಿ, ಇರವಿ ಭಾರ ಇರವಿಗಿ ಅಂತಾರ. ಇರವಿಗಿ ಆನಿ ಎಲುಬು ಕೂಡಿಸಿದವ್ರು ನೀವೊಬ್ರೇ." ಯಂತ್ರದ ಮೇಲಿದ್ದ ಕತ್ತರಿ ತೆಗೆದು ಅವನ ಕೈಗೆ ಕೊಟ್ಟಳು. "ಮಾತು ಕೊಟ್ಟಿದ್ದು ಆಕಿ ಗಂಡ ಹೊಳ್ಳಿ ಮನಿಗಿ ಬರಲಿ ಅಂತ. ಪಟ್ಟಿ ಇರಲಿ ಅಂತ ಅಲ್ಲ. ಕತ್ತರಿ ನಂದು, ಕೈ ನಿಮ್ದು ಇರಲಿ."

ಚಹಾ ತರಲು ಹೋದವನು ಕತ್ತರಿ ತಂದ. ಯಾರಿಗೂ ಏನೂ ಹೇಳದೆ ಬಾಲದ ಹತ್ತಿರ ಮೊಣಕಾಲೂರಿ, ಹೆಂಡತಿ ಕನ್ನಡಿಯಂತೆ ಬಿಗಿದಿದ್ದ ಬಟ್ಟೆಯನ್ನು ಉದ್ದಕ್ಕೂ ಸೀಳಿದ. ಲಾಡ್ಲೇಸಾಬ "ಅರೆ ಉಸ್ತಾದ್" ಎಂದು ಕೈ ಚಾಚಿದ. ಜಡೆ ಬಿಚ್ಚಿ, ಕ್ಲಾಂಪು ಸಡಿಲಿಸಿ, ಪಟ್ಟಿ ಎರಡನ್ನೂ ತೆಗೆದು ಯಾಕೂಬಸಾಬ ಕಾಟಾದ ಮೇಲಿಟ್ಟ. ಕಾಟಾ ಹೇಳಬೇಕಾದ್ದನ್ನು ಹೇಳಿತು.

ದೇವಿಂದ್ರ ಪಟ್ಟಿಯನ್ನು ನೋಡಲಿಲ್ಲ. ಮೊದಲು ಸೀಳಿನೊಳಗೆ ಕೈ ಹಾಕಿ ಕೊಳವೆಗಳನ್ನು ಸವರಿದ, ಕ್ಲಾಂಪು ಕಚ್ಚಿದ ಕಡೆ ಗೆರೆ ಬಿದ್ದಿದೆಯೇ ಎಂದು ಬ್ಯಾಟರಿ ಹಿಡಿದ. ಬಣ್ಣ ಮಾತ್ರ ಕಿತ್ತುಹೋಗಿತ್ತು; ಉಕ್ಕು ಸರಿಯಿತ್ತು. ಆಮೇಲೆ ನೆಲದ ಮೇಲೆ ಕೂತ.

"ಹೇಳಬೇಕಿತ್ತಲ್ಲ ಅಣ್ಣ."

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಬ್ಯಾರೆ ಎಲ್ಲೆರ ಏನರ ಇಟ್ಟೀಯೇನು?"

ಈ ಮಾತು ಮಾತ್ರ ಯಾಕೂಬಸಾಬನಿಗೆ ಸುತ್ತಿಗೆಯ ಏಟಿನಂತೆ ಬಿತ್ತು. ಇಷ್ಟು ವರ್ಷದಲ್ಲಿ ಅವನ ಕೈಕೆಲಸದ ಒಳಗೇನಿದೆ ಎಂದು ಕೇಳಿದವರೇ ಇಲ್ಲ. ಮೀಸೆ ತೀಡಲು ಹೋದ ಕೈಯನ್ನು ಅರ್ಧಕ್ಕೇ ಇಳಿಸಿದ.

"ಇಲ್ಲ. ಆದ್ರ ನನ್ನ ಮಾತಿನ ಮ್ಯಾಲ ಹತ್ತಬ್ಯಾಡ. ಬಿಚ್ಚಿ ನೋಡು."

ಇಬ್ಬರೂ ಸೇರಿ ಬಿಚ್ಚಿ ನೋಡಿದರು. ಬಾಲದಿಂದ ಸೀಟಿನ ಬೆನ್ನಿನ ತನಕ ಬಟ್ಟೆಯೆಲ್ಲ ಕಿತ್ತು ಬಂತು. ಬೇರೇನೂ ಇರಲಿಲ್ಲ. ದೇವಿಂದ್ರ ಮತ್ತೆ ಚುಕ್ಕೆ ಇಡುತ್ತಾ ಬಂದ. ಅವನ ಹಿಂದೆ ಬಣ್ಣದ ಡಬ್ಬಿ ಹಿಡಿದು ಯಾಕೂಬಸಾಬ ನಡೆದ. ಕೆಲವು ದಿನ ಇಬ್ಬರ ನಡುವೆ ಪಾನಾ ಕೊಡು, ತಂತಿ ಕೊಡು ಎನ್ನುವಷ್ಟೇ ಮಾತು. ಖುರ್ಷೀದಬೇಗಂ ಮಾತ್ರ ಎರಡನೇ ಸಲ ಹೊದಿಸುವಾಗ ಬಾಯಿಗೆ ಬೀಗ ಹಾಕಲಿಲ್ಲ. "ಗಂಡಸರು ಹರಿಯೋದು, ಹೆಂಗಸರು ಹೊಲಿಯೋದು. ವಿಮಾನಕ್ಕೂ ಅದೇ ಕಾಯ್ದೆ ಅದ ಅಂತ ಗೊತ್ತಿದ್ದಿಲ್ಲ," ಎಂದಳು. ದೇವಿಂದ್ರ ನಕ್ಕುಬಿಟ್ಟ. ಅವನು ನಕ್ಕದ್ದನ್ನು ಕಂಡು ಯಾಕೂಬಸಾಬ ಅವತ್ತು ಎರಡು ರೊಟ್ಟಿ ಹೆಚ್ಚು ಉಂಡ. ಬಟ್ಟೆ ಸಾಲದೆ ಬಾಲದ ಬಳಿ ಅಂಗೈಯಗಲದ ಒಂದು ತೇಪೆ ಮಾತ್ರ ಉಳಿಯಿತು. ಅದರ ಅಂಚನ್ನು ಅವಳು ಗರಗಸದ ಹಲ್ಲಿನಂತೆ ಕತ್ತರಿಸಿ, ಕಸೂತಿಯಷ್ಟು ಒಪ್ಪವಾಗಿ ಅಂಟಿಸಿದಳು.

ಈ ಸಲದ ತೂಕ ಸರಿಬಂತು.

ಮಳೆ ಬಿದ್ದು ಬಿಟ್ಟ ಒಂದು ಬೆಳಿಗ್ಗೆ ಊರಾಚೆಯ ಹೊಲದಲ್ಲಿ ಇಂಜಿನ್ನು ಹಚ್ಚಿ, ಮೇಲೇಳಿಸದೆ, ನೆಲದ ಮೇಲೆ ಮಾತ್ರ ಓಡಿಸಿ ನೋಡಿದರು. ಅರ್ಧ ಹೊಲ ದಾಟುವಷ್ಟರಲ್ಲಿ ವಿಮಾನ ಒಂದು ಕಡೆ ಜಗ್ಗಿ ನಿಂತಿತು. ಗಾಳಿ ಸರಾಗ ಹಾಯಲೆಂದು ಮುಂದಿನ ಗಾಲಿಗಳಿಗೆ ಚಂದದ ಕವಚವಿತ್ತು. ಎರೆಮಣ್ಣು ಅದರೊಳಗೆ ಹಿಟ್ಟಿನ ಮುದ್ದೆಯಂತೆ ತುಂಬಿ ಗಾಲಿಯನ್ನೇ ಹಿಡಿದುಬಿಟ್ಟಿತ್ತು. ವೇಗದಲ್ಲಿದ್ದಾಗ ಹೀಗಾದರೆ ಮೂಗು ನೆಲಕ್ಕೆ ಕುಟ್ಟುವುದೇ ಸೈ.

ದೇವಿಂದ್ರ ಯಾಕೂಬಸಾಬನ ಕಡೆ ನೋಡಿದ. "ಏನರ ಪಟ್ಟಿ ಕೂಡಿಸ್ತೀಯೇನು?"

ಯಾಕೂಬಸಾಬ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಕವಚದೊಳಗಿನ ಮಣ್ಣು ಕೆದರಿ ನೋಡಿದ. "ಕೂಡಿಸೋದಲ್ಲ, ತೆಗಿಯೋದು. ಈ ಟೊಪಗಿ ನಮ್ಮ ಮಣ್ಣಿಗಿ ಹೊಂದಂಗಿಲ್ಲ. ನಮ್ಮ ಟ್ರೇಲರಿಗಿ ಮಡ್‌ಗಾರ್ಡ್ ಇರಂಗಿಲ್ಲ, ಯಾಕಂತ ತಿಳದೀ? ಆದ್ರ ಮೊದಲ ಕಂಪನಿಗಿ ಕೇಳು. ಅವ್ರು ಹ್ಞೂಂ ಅಂದಮ್ಯಾಲ ಬಿಚ್ಚೋಣ. ಬಿಚ್ಚಿ ಮತ್ತ ತೂಗೋಣ."

ದೇವಿಂದ್ರ ಅವನನ್ನೇ ನೋಡಿ, "ಲಾಡ್ಲೇಸಾಬಗ ಕಾಟಾ ತರಾಕ ಹೇಳ್ತೀನಿ," ಎಂದಷ್ಟೇ ಹೇಳಿದ. ಕಂಪನಿಯವರು ಒಪ್ಪಿದರು. ಕವಚ ಬಿಚ್ಚಿ ಮತ್ತೆ ತೂಗಿದರು. ಭಾರ ತನ್ನ ಜಾಗದಲ್ಲೇ ಕೂತಿತ್ತು.

ಪರವಾನಗಿ ಬಂದ ಮೇಲೆ ರೆಕ್ಕೆ ಬಿಚ್ಚಿ, ಯಾಕೂಬಸಾಬನದೇ ಟ್ರೇಲರಿನ ಮೇಲೆ ಹಾಸಿಗೆ ಹಾಸಿ, ವಿಮಾನವನ್ನು ಕಲಬುರಗಿಯ ಆಚೆ ವಿಮಾನ ಹಾರಿಸಿ ಇಳಿಸುವ ಒಂದು ಖಾಸಗಿ ಮೈದಾನಕ್ಕೆ ಒಯ್ದು, ರೆಕ್ಕೆ ಮತ್ತೆ ಕೂಡಿಸಿದರು. ಸಾಯಬಮ್ಮ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಗಂಡ ಬೆಲ್ಟು ಬಿಗಿದುಕೊಂಡು ಸೀಟಿನಲ್ಲಿ ಕೂತಾಗ ಅವಳು ಯಾಕೂಬಸಾಬನ ಪಕ್ಕಕ್ಕೆ ಸರಿದಳು.

"ಅಣ್ಣ, ಗಟ್ಟಿ ಮಾಡೀರಿಲ್ಲ?"

"ಇಲ್ಲ ತಂಗಿ," ಎಂದ ಯಾಕೂಬಸಾಬ. "ಹಗುರ ಮಾಡೀನಿ."

ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಇಂಜಿನ್ನು ಕೂಗಿ ವಿಮಾನ ಓಡತೊಡಗಿತು. ಯಾಕೂಬಸಾಬ ಮೂಗನ್ನು ನೋಡಲಿಲ್ಲ, ರೆಕ್ಕೆ ನೋಡಲಿಲ್ಲ. ಕಣ್ಣು ಬಾಲದ ಪುಟ್ಟ ಗಾಲಿಗೆ ಅಂಟಿಕೊಂಡಿತ್ತು. ಸ್ವಲ್ಪ ದೂರ ಅದು ನೆಲ ಕೆರೆಯಿತು. ಆಮೇಲೆ, ಹಸು ಎದ್ದು ನಿಲ್ಲುವಾಗ ಮೊದಲು ಹಿಂಭಾಗ ಏಳುವಂತೆ, ಬಾಲ ತಾನಾಗಿ ಮೇಲೆದ್ದಿತು. ಹಿಂದೆಯೇ ಉಳಿದದ್ದೂ ನೆಲ ಬಿಟ್ಟಿತು.

ದೇವಿಂದ್ರ ಮೈದಾನದ ಮೇಲೆ ದೊಡ್ಡ ಸುತ್ತು ಹಾಕಿ ಇಳಿದಾಗ ಬಾಲ ಧಪ್ ಎಂದಿತು. ಮುರಿಯಲಿಲ್ಲ.

ಎಲ್ಲರೂ ಅವನ ಕಡೆ ಓಡಿದರೆ ಖುರ್ಷೀದಬೇಗಂ ನೆಟ್ಟಗೆ ಬಾಲದ ಹತ್ತಿರ ಹೋದಳು. ತೇಪೆಯ ಅಂಚನ್ನು ಉಗುರಿನಿಂದ ಮೀಟಿ ನೋಡಿದಳು, ಒಂದೆಳೆಯೂ ಎದ್ದಿರಲಿಲ್ಲ.

"ಹಾರಿದ್ದು ಇವ್ರ ವಿಮಾನ ಅಲ್ಲ," ಎಂದಳು ಸಾಯಬಮ್ಮಳಿಗೆ. "ನನ್ನ ತ್ಯಾಪಿ."

ಆ ಎರಡು ಪಟ್ಟಿಗಳು ಕೆಂಭಾವಿಯ ರೈತನೊಬ್ಬನ ಟ್ರೇಲರಿಗೆ ಹೋದವು. ಹತ್ತಿಯ ಕಾಲ, ಅವನು ದುಪ್ಪಟ್ಟು ಹೇರುವವನೇ. ಯಾಕೂಬಸಾಬ ಹಳೆಯ ರೂಢಿಯಂತೆ ಕೆಳಗೆ ನುಸುಳಿದವನು, ಪಟ್ಟಿ ಹಿಡಿದ ಕೈ ನಿಲ್ಲಿಸಿ, ತಲೆ ಹೊರಗೆ ಹಾಕಿ ಕೇಳಿದ: "ಯಪ್ಪಾ, ನೀ ಭಾರ ಮುಂದ ಹೇರತೀಯೋ, ಹಿಂದೋ?"