ಚೂರ ಸಾಕ್ರೀ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಇಂಜಿನ್ನಿನದಲ್ಲ, ನನ್ನ ಬಾಯಿಯದು. ಎಮ್ಮೆಯಿಂದ ಟ್ರ್ಯಾಕ್ಟರಿನವರೆಗೆ ಎಲ್ಲದರ ದನಿ ತೆಗೆಯುವ ಬಾಯಿ ಅದು. ಹೆಣ್ಣು ನೋಡಲು ಹೋದಲ್ಲೂ ಸುಮ್ಮನಿರಲಿಲ್ಲ.

ಮುಧೋಳದಲ್ಲಿ ನನ್ನ ಮೊಬೈಲ್ ಅಂಗಡಿಯ ಪಕ್ಕದ ಗ್ಯಾರೇಜಿನ ಮಿಸ್ತ್ರಿ, ಡಾಕ್ಟರೊಬ್ಬರ ಹಳೇ ಸ್ಪೋರ್ಟ್ಸ್ ಕಾರಿನ ಇಂಜಿನ್ ಕಟ್ಟುತ್ತಿದ್ದರು. ಡಾಕ್ಟರರಿಗೆ ಜೋರು ಪವರ್ ಬೇಕಿತ್ತು.

“ಚೂರ ಸಾಕ್ರೀ,” ಅನ್ನುತ್ತಿದ್ದರು ಮಿಸ್ತ್ರಿ. “ಓಡೋದ ಬೇಕಂದ್ರ ತಿಮ್ಮಾಪುರದಾಗ ಮುಧೋಳ ನಾಯಿ ಅದಾವು. ಗಾಡಿ ಮನಿ ಮುಟ್ಟಬೇಕು.”

ಪವರ್ ಏರಲೆಂದು ಇಂಜಿನ್ನಿನ ಹೆಡ್ಡನ್ನು ಕೂದಲೆಳೆಯಷ್ಟೇ ಸವೆಸಿದ್ದರು. ಸವೆತ ಹೆಚ್ಚಾದರೆ ಇಂಜಿನ್ ಟಕ್ ಟಕ್ ಎಂದು ಬಡಿದು ಪಿಸ್ಟನ್ ಒಡೆಯುತ್ತದೆ, ಬೇರೆಯದು ಎಲ್ಲೂ ಸಿಗುವುದಿಲ್ಲ. ಆ ಹೆದರಿಕೆಗೆ ಬಿಗಿದ ಬೋಲ್ಟನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

ಚಾಲೂ ಮಾಡಿದ ದಿನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಒಳಗಿನ ಸದ್ದು ಆಲಿಸಿದರು. ಅವರ ಇನ್ನೊಂದು ಕಿವಿಯ ಹಿಂದೆ ನಿಂತ ನಾನು ನಾಲಿಗೆಯಲ್ಲೇ ಟಕ್ ಟಕ್ ಸದ್ದು ತೆಗೆದೆ.

ಮಿಸ್ತ್ರಿಯ ಮುಖ ಬಿಳುಚಿತು. ಇಂಜಿನ್ ಬಂದ್ ಮಾಡಿ, ಪಾನಾ ಹಿಡಿದು ಬೋಲ್ಟ್ ಬಿಚ್ಚತೊಡಗಿದರು. ಗಾಡಿ ನೋಡಲು ಬಂದಿದ್ದ ಡಾಕ್ಟರರು ಕಟ್ಟೆಯ ಮೇಲೆ ಕುಸಿದರು. ನಾನು ಮಿಸ್ತ್ರಿಯ ಕೈ ಹಿಡಿದು ಒದರಿದೆ: “ಕಾಕಾ, ಅದು ನಾನ್ರೀ!”

ಅವರು ನಂಬಲಿಲ್ಲ. ಮತ್ತೊಮ್ಮೆ ಮಾಡಿ ತೋರಿಸಬೇಕಾಯಿತು.

“ಖರೆ ಹೇಳ್ರಿ ಮಿಸ್ತ್ರಿ, ಗ್ಯಾರಂಟಿ ಐತೇನು?” ಡಾಕ್ಟರರು ಕಟ್ಟೆಯಿಂದ ಎದ್ದು ಬಂದು ಕೇಳಿದರು.

ಮಿಸ್ತ್ರಿ ಬೋಲ್ಟ್ ಬಿಗಿಯುತ್ತಲೇ ಅಂದರು: “ಇಂಜಿನ್ನಿಂದು ನಾ ಕೊಡ್ತೀನ್ರಿ. ಇವನ ಬಾಯಿಂದು ಯಾರ ಕೊಡ್ತಾರ?”