ಕಲಿಸುವವಳು ಕಲಿಯಲು ಹೋದದ್ದು

ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯ ಮೇಲೆ, ಎರಡು ಸಾವಿರದ ಇಸವಿಯ ಹೊತ್ತಿಗೆ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಮಿರ್ಲೆಯ ನೀಲಾಂಬಿಕೆ ಅಲ್ಲಿ ಪಾಠ ಮಾಡುತ್ತಿದ್ದಳು. ಬಿ.ಎಸ್ಸಿ. ಮುಗಿಸಿ ಅದೇ ಸೆಂಟರಿನಲ್ಲಿ ಡಿಪ್ಲೊಮಾ ಮಾಡಿದವಳನ್ನು ಮಾಲೀಕ ಬಸವರಾಜು ಪರೀಕ್ಷೆ ಮುಗಿದ ಮಾರನೆಯ ವಾರವೇ ಟೀಚರ್ ಮಾಡಿ ನಿಲ್ಲಿಸಿದ್ದ. ನಿನ್ನೆಯವರೆಗೆ ಪಕ್ಕದಲ್ಲಿ ಕೂತಿದ್ದವರು ಅವಳನ್ನು ಮಿಸ್ ಎಂದು ಕರೆಯತೊಡಗಿದರು.

ಮೊದಮೊದಲು ಅವಳಿಗೂ ಅದು ಹೆಮ್ಮೆಯೇ. ಆಮೇಲೆ ಆ ಕೋಣೆಯ ವಾಸನೆಯೇ ಅಸಹ್ಯವಾಗತೊಡಗಿತು. ಕಂಪ್ಯೂಟರಿಗೆ ಧೂಳು ಆಗದೆಂದು ಚಪ್ಪಲಿ ಹೊರಗೆ ಬಿಡಬೇಕಿತ್ತು. ಎಷ್ಟೋ ಜನರ ಕಾಲಿನ ಬೆವರು ಕುಡಿದ ಕಾರ್ಪೆಟ್ಟು, ಕೆಳಗಿನಿಂದ ಏರಿ ಬರುವ ಯೂರಿಯಾ ಗಾಟು, ಕಿಟಕಿ ತೆರೆಯಬಾರದೆಂಬ ಕಟ್ಟಪ್ಪಣೆ. ಕವರ್ ಹೊದಿಸಿ ಸಾಲಾಗಿಟ್ಟ ಯಂತ್ರಗಳಲ್ಲಿ ಅರ್ಧಕ್ಕರ್ಧ ಕೆಟ್ಟಿದ್ದವು. ಹೊಸಬರು ನೋಡಲು ಬಂದಾಗ ಅವುಗಳ ಕವರನ್ನು ಮಾತ್ರ ತೆಗೆಯುತ್ತಿರಲಿಲ್ಲ.

ಅದಕ್ಕಿಂತ ಅಸಹ್ಯವಾದದ್ದು ಪಾಠ. ಆಫೀಸುಗಳೆಲ್ಲ ಕೈಬಿಟ್ಟ ಪ್ರೋಗ್ರಾಮುಗಳನ್ನೇ ಅಲ್ಲಿ ಇನ್ನೂ ಕಲಿಸುತ್ತಿದ್ದರು. ಇಂಟರ್‌ನೆಟ್ ಎಂಬ ಅಧ್ಯಾಯವಿತ್ತು, ಸೆಂಟರಿನಲ್ಲಿ ಇಂಟರ್‌ನೆಟ್ ಇರಲಿಲ್ಲ. ನೀಲಾಂಬಿಕೆ ಪುಸ್ತಕದ ಚಿತ್ರ ನೋಡಿಕೊಂಡು ಬೋರ್ಡಿನ ಮೇಲೆ ಚೌಕ ಬರೆದು, ಇಲ್ಲಿ ವಿಳಾಸ, ಇಲ್ಲಿ ವಿಷಯ, ಇದನ್ನು ಒತ್ತಿದರೆ ಇಮೇಲ್ ಹೋಗುತ್ತದೆ ಎನ್ನುತ್ತಿದ್ದಳು. ಹೋಗುವುದನ್ನು ಅವಳೇ ನೋಡಿರಲಿಲ್ಲ.

"ನಂಗೇ ಬರಲ್ಲ ಸರ್. ಎಲ್ಲಾದ್ರೂ ಟ್ರೈನಿಂಗ್‌ಗೆ ಕಳ್ಸಿ," ಎಂದು ಬಸವರಾಜುವನ್ನು ಕೇಳಿದಳು.

"ಮಕ್ಳಿಗಿಂತ ಒಂದು ಪುಟ ಮುಂದಿದ್ರೆ ಆಯ್ತು ಕಣಮ್ಮ," ಎಂದ ಅವನು, ಬಾಯಲ್ಲಿ ಎಲೆಯಡಿಕೆ ಆಡಿಸುತ್ತಾ.

ಅವಳು ಬಿಡಲಿಲ್ಲ. ಕೊನೆಗೆ ಮೈಸೂರಿನ ಹೋಟೆಲೊಂದರಲ್ಲಿ, ಸೆಂಟರಿಗೆ ಹೆಸರು, ಪುಸ್ತಕ ಕೊಡುವ ಕಂಪನಿಯ ಹೆಡ್ಡಾಫೀಸಿನವರು ಟೀಚರುಗಳಿಗೆ ತರಬೇತಿ ಇಟ್ಟಿದ್ದಾರೆಂದು ಕಳಿಸಿದ. ನೀಲಾಂಬಿಕೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬಸ್ಸಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡು ಹೋದಳು. ಹೋಟೆಲಿನ ಸಭಾಂಗಣದಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ. ಟೈ ಕಟ್ಟಿದವನೊಬ್ಬ ನಿಂತು, ಅಡ್ಮಿಷನ್ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದ.

"ಹುಡುಗಿ ಜೊತೆ ಅಪ್ಪ ಬಂದ್ರೆ ಅಪ್ಪನ್ನೇ ನೋಡಿ ಮಾತಾಡಿ. ಪಕ್ಕದ ಮನೆಯವ್ರ ಮಗಳು ಸೇರಿಯಾಯ್ತು ಅನ್ನಿ. ಸೇರಿರಬೇಕು ಅಂತೇನಿಲ್ಲ."

ಎಲ್ಲರೂ ನಕ್ಕರು. ಎಚ್.ಡಿ. ಕೋಟೆಯ ಟೀಚರೊಬ್ಬರನ್ನು ಅಪ್ಪನಾಗಿ ಕೂರಿಸಿ, ಹಳ್ಳಿಯವರ ಮಾತು ಆಡಿಸಿ, ಮತ್ತೆ ನಕ್ಕರು. ನೀಲಾಂಬಿಕೆಗೆ, ತನ್ನನ್ನು ಡಿಪ್ಲೊಮಾಗೆ ಸೇರಿಸಲು ಅಪ್ಪ ಸೆಂಟರಿನ ಮಹಡಿ ಹತ್ತಿ ಬಂದು, ಕುರ್ಚಿಯ ಅಂಚಿನಲ್ಲಿ ಕೂತಿದ್ದದ್ದು ನೆನಪಾಯಿತು. ಎದ್ದು ನಿಂತು, "ವಿಷಯ ಯಾವಾಗ ಕಲಿಸ್ತೀರಾ ಸರ್?" ಎಂದಳು.

"ವಿಷಯ ಪುಸ್ತಕದಲ್ಲಿದೆ ಮೇಡಂ. ಅಡ್ಮಿಷನ್ ಪುಸ್ತಕದಲ್ಲಿಲ್ಲ."

ಊಟದ ಸಾಲಿನಲ್ಲಿ ಹುಣಸೂರಿನ ಟೀಚರ್ ಶಶಿಕುಮಾರ್ ಅವಳ ಹಿಂದೆ ನಿಂತಿದ್ದ. "ಹೋದ್ವರ್ಷಾನೂ ಇದೇ ಕಣ್ರೀ. ಊಟ ಚೆನ್ನಾಗದೆ, ತಿನ್ನಿ," ಎಂದ. ಅವಳು ತಟ್ಟೆಯನ್ನು ಹಾಗೇ ವಾಪಸ್ಸಿಟ್ಟು ಸಾಲಿನಿಂದ ಈಚೆ ಬಂದಳು.

ಆಮೇಲೆ ಪವಿತ್ರಾಳ ವಿಷಯ ಬಂತು. ಚುಂಚನಕಟ್ಟೆ ಕಡೆಯ ಭತ್ತದ ಬೇಸಾಯದ ಮನೆಯವಳು, ತರಗತಿಗೆ ಮೊದಲನೆಯವಳು. ಮೈಸೂರಿನ ಟ್ರಾವೆಲ್ಸ್ ಆಫೀಸೊಂದಕ್ಕೆ ಇಂಟರ್‌ವ್ಯೂಗೆ ಹೋದಳು. ಅಲ್ಲಿ ಒಂದು ಇಮೇಲ್ ಕಳಿಸಿ ತೋರಿಸು ಎಂದರಂತೆ. ಅವಳು ಪರದೆಯ ಮೇಲೆ ಆ ಚೌಕ ಹುಡುಕುತ್ತಾ ಕೂತಳು. ಸ್ವಲ್ಪ ಹೊತ್ತು ನೋಡಿ, ಇನ್ನೊಬ್ಬಳನ್ನು ಕರೆದರು.

ಮಾರನೆಯ ದಿನ ಮೆಟ್ಟಿಲ ಹತ್ತಿರ ನಿಂತು ಪವಿತ್ರಾ ಕೇಳಿದಳು: "ನೀವು ಕಳ್ಸಿದ್ದೀರಾ ಮಿಸ್, ಯಾವತ್ತಾದ್ರೂ?"

"ಇಲ್ಲ."

"ನಂಗೂ ಅಂಗೇ ಅನ್ನಿಸ್ತು," ಎಂದು ಹೊರಟುಹೋದಳು. ಬೈದಿದ್ದರೂ ವಾಸಿಯಿತ್ತು.

ನೀಲಾಂಬಿಕೆ ಆ ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಮೈಸೂರಿನಲ್ಲಿ ಮಾದೇಶ ಎಂಬವರ ಇಂಟರ್‌ನೆಟ್ ಸೆಂಟರಿಗೆ ನೋಡಿಕೊಳ್ಳುವವಳಾಗಿ ಸೇರಿದಳು. ಗಿರಾಕಿಗಳ ಜಿಡ್ಡು, ತಲೆಕೂದಲು ಸೇರಿದ ಕೀಬೋರ್ಡುಗಳನ್ನು ಒರೆಸುವುದೂ ಅವಳದೇ ಕೆಲಸ. ಅದರಿಂದ ಅವಳಿಗೆ ಅಸಹ್ಯವಾಗಲಿಲ್ಲ. ಯಂತ್ರ ರಿಪೇರಿಗೆ ಯಾರಾದರೂ ಬಂದರೆ ಪಕ್ಕದಲ್ಲಿ ಕೂತು, ಇದೇಕೆ ಬಿಚ್ಚಿದಿರಿ, ಅದೇಕೆ ಅಲ್ಲಿಗೇ ಹಾಕಿದಿರಿ ಎಂದು ಕೇಳುತ್ತಿದ್ದಳು. ಮಾದೇಶರು, "ಕೇಳ್ಳಿ ಬುಡ್ರಪ್ಪ, ನಂಗೇನು ನಷ್ಟ," ಎನ್ನುತ್ತಿದ್ದರು. ವರ್ಷವಾಗುವಷ್ಟರಲ್ಲಿ ಸಣ್ಣಪುಟ್ಟ ತೊಂದರೆಗೆ ಹೊರಗಿನವರನ್ನು ಕರೆಸುವುದು ನಿಂತಿತು.

ಒಂದು ಸಂಜೆ ಊರಿಗೆ ಬರುವಾಗ ಬಸ್ಸಿನ ಸೀಟಿನ ಹಿಂದೆ ಅಂಟಿಸಿದ ಕರಪತ್ರದಲ್ಲಿ ತನ್ನದೇ ಮುಖ ಕಂಡಿತು. ಕೆಳಗೆ, 'ನಮ್ಮಲ್ಲಿ ಕಲಿತು ಮೈಸೂರಿನಲ್ಲಿ ಉದ್ಯೋಗ ಪಡೆದವರು.' ಅವಳು ಇಳಿದವಳೇ ನೇರ ಆ ಮಹಡಿ ಹತ್ತಿದಳು.

"ಸುಳ್ಳೇನಮ್ಮ ಅದ್ರಲ್ಲಿ?" ಎಂದ ಬಸವರಾಜು. "ಇಲ್ಲಿ ಕಲ್ತೆ. ಅಲ್ಲಿ ಕೆಲ್ಸ ಸಿಕ್ತು."

"ನಿಮ್ ಹತ್ರ ಮಾತಾಡೋಕೇ ವಾಕರಿಕೆ ಬತ್ತದೆ," ಎಂದಳು ನೀಲಾಂಬಿಕೆ. ಅವನು ಕಿಟಕಿಯ ಸಂದಿಯಿಂದ ಉಗಿದು ಬಂದು, ಫ್ಯಾನ್ ಜೋರು ಮಾಡಿದ.

ಒಳಗಿನ ಕೋಣೆಯಲ್ಲಿ ಹೊಸ ಟೀಚರ್ ಪಾಠ ಮಾಡುತ್ತಿದ್ದಳು. ಪವಿತ್ರಾ. ಕೈಯಲ್ಲಿ ಸೀಮೆಸುಣ್ಣ. ನೀಲಾಂಬಿಕೆಯನ್ನು ಕಂಡು ತಲೆ ತಗ್ಗಿಸಿದಳು.

ನೀಲಾಂಬಿಕೆಗೆ ಒಂದು ಗಳಿಗೆ ಅವಳ ಮೇಲೂ ಹೇಸಿಗೆ ಹುಟ್ಟಿತು. ಎರಡು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು, ಬಾಗಿಲಲ್ಲೇ ನಿಂತು ಹೇಳಿದಳು: "ಭಾನುವಾರ ಮೈಸೂರಿಗೆ ಬಾ. ಒಂದು ಕಂಪ್ಯೂಟರ್ ಖಾಲಿ ಇಟ್ಟಿರ್ತೀನಿ."

ಪವಿತ್ರಾ ಬಂದಳು. ಆ ಭಾನುವಾರ ಅವಳು ಮೊದಲ ಇಮೇಲ್ ಕಳಿಸಿದ್ದು ಪಕ್ಕದ ಕುರ್ಚಿಯಲ್ಲಿದ್ದ ನೀಲಾಂಬಿಕೆಗೇ. ಬೇರೆ ಯಾರ ವಿಳಾಸವೂ ಅವಳಿಗೆ ಗೊತ್ತಿರಲಿಲ್ಲ. ಹಾಗೆ ಎಷ್ಟೋ ಭಾನುವಾರ ಬಂದು ಕಲಿತಳು. ಆಮೇಲೆ ಸಾಲಿಗ್ರಾಮದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ಸೆಂಟರ್ ಬಿಟ್ಟಳು. ಬಸವರಾಜು ಇನ್ನೊಬ್ಬಳನ್ನು ನಿಲ್ಲಿಸಿದ. ಮುಂದಿನ ಕರಪತ್ರದಲ್ಲಿ ನೀಲಾಂಬಿಕೆ, ಪವಿತ್ರಾ ಇಬ್ಬರ ಫೋಟೋಗಳೂ ಇದ್ದವು.